ಕೆಳಗಿನ ಚಿಲಕ

ಪತ್ತೇದಾರಿ ಕಾದಂಬರಿ ಬರೆಯುವವನ ಮನೆಯಲ್ಲಿ ಓದುಗರ ಕಾಟ ಎಂಥದ್ದು ಎಂದು ತಿಳಿಯಬೇಕಿದ್ದರೆ ಅವನ ಅಕ್ಕನನ್ನು ಕೇಳಬೇಕು. ಹೊಸ ಪುಸ್ತಕ ಬಂದು ಎರಡು ತಿಂಗಳೂ ಆಗಿರಲಿಲ್ಲ, ಆಗಲೇ ಇನ್ನೂರರ ಮೇಲೆ ಕಾರ್ಡುಗಳು ಬಂದು ಬಿದ್ದಿದ್ದವು. ಪ್ರಕಾಶಕ ಪ್ರತಿ ಪುಸ್ತಕದೊಳಗೂ ಒಂದು ಕಾರ್ಡು ಸೇರಿಸಿ, 'ನಿಮ್ಮ ಅಭಿಪ್ರಾಯ ಬರೆದು ಕಳಿಸಿ' ಎಂದು ಲೇಖಕನ ಮನೆಯ ವಿಳಾಸವನ್ನೇ ಅಚ್ಚು ಹಾಕಿಸಿಬಿಟ್ಟಿದ್ದ. ಪುಣ್ಯಾತ್ಮ! ಬಿಟ್ಟಿ ಕಾರ್ಡು ಸಿಕ್ಕರೆ ಯಾರು ತಾನೇ ಸುಮ್ಮನಿರುತ್ತಾರೆ?

ಅಕ್ಕ ದರ್ಜಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಮೂಲೆಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ, ಗೋಡೆಗೆ ಒರಗಿಸಿದ ಇಸ್ತ್ರಿ ಹಲಗೆ. ಐವತ್ತಾರು ವಯಸ್ಸಾದರೂ ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕರೆದವಳಲ್ಲ. ತಮ್ಮ ಹಗಲೆಲ್ಲ ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಬೆಳಗಿನ ಜಾವ ಎದ್ದು ಕೊಲೆ ಬರೆಯುವವನು. ಚಿಕ್ಕಂದಿನಲ್ಲಿ ಕಡ್ಡಿಯಂತಿದ್ದನೆಂದು ಅಕ್ಕ ಅವನನ್ನು ಗುಬ್ಬಿ ಎಂದು ಕರೆದಳು. ಈಗ ನಲವತ್ತಾಯಿತು, ಹೊಟ್ಟೆ ಬಂತು, ಅಂಗಿಗೆ ವರ್ಷಕ್ಕೊಮ್ಮೆ ಅರ್ಧ ಇಂಚು ಬಿಚ್ಚಿ ಕೊಡಬೇಕಾಯಿತು, ಹೆಸರು ಮಾತ್ರ ಗುಬ್ಬಿಯಾಗಿಯೇ ಉಳಿಯಿತು. ಅವನು ಮದುವೆಯಾಗಲಿಲ್ಲ. ಇಬ್ಬರದೇ ಸಂಸಾರ.

ಸಂಜೆ ಅವನು ಬಂದು ಕೈಕಾಲು ತೊಳೆದು ಚಹಾ ಲೋಟ ಹಿಡಿದು ಕೂತರೆ, ಅಕ್ಕ ಕನ್ನಡಕ ಏರಿಸಿಕೊಂಡು ಕಾರ್ಡುಗಳನ್ನು ಓದಿ ಹೇಳುತ್ತಿದ್ದಳು. ಹಗಲೆಲ್ಲ ಅಕ್ಷರ ನೋಡಿದ ಅವನ ಕಣ್ಣಿಗೆ ಅಷ್ಟಾದರೂ ವಿಶ್ರಾಂತಿ ಬೇಡವೇ?

"ಕೇಳು ಇದನ್ನ. 'ನಿಮ್ಮ ಪುಸ್ತಕ ಓದ್ತಾ ಕೂತು ಎರಡು ಲೀಟರ್ ಹಾಲು ಉಕ್ಕಿ ಹೋಯ್ತು, ಅತ್ತೆ ಹತ್ರ ಬೈಸಿಕೊಂಡೆ, ಇದಕ್ಕೆ ನೀವೇ ಹೊಣೆ.' ನೋಡಪ್ಪ, ಕೊಲೆ ಬರೆದವನಿಗೆ ಹಾಲಿನ ಕೇಸು!"

"ಮುಂದಿಂದು?"

"ಇವರು ನಿವೃತ್ತ ಮೇಷ್ಟ್ರಂತೆ. ಕೊನೇ ಪುಟ ಮೊದಲು ಓದೋ ಅಭ್ಯಾಸವಂತೆ. ಸಸ್ಪೆನ್ಸ್ ಸಾಲದು ಅಂತಾರೆ."

ಇಬ್ಬರೂ ನಕ್ಕರು. ಆದರೆ ಹತ್ತರಲ್ಲಿ ಒಂಬತ್ತು ಕಾರ್ಡು ಬೇರೆ ಬಗೆಯವು. 'ಹೆಂಡತಿಯೇ ಕೊಂದಿದ್ದು ಎಂದು ಮೊದಲ ಅಧ್ಯಾಯದಲ್ಲೇ ನನಗೆ ಅನುಮಾನ ಬಂದಿತ್ತು.' 'ಅಂಥ ಹೆಂಗಸಿಗೆ ನೇಣು ಕೂಡ ಕಡಿಮೆಯೇ.' 'ಗಂಡನನ್ನು ನುಂಗಿದವಳು ಬಟ್ಟೆ ಮಡಿಸುತ್ತಾ ನಿಲ್ಲುವ ದೃಶ್ಯ ಮೈ ನಡುಗಿಸಿತು.' ಅಕ್ಕ ಇವನ್ನೂ ತಡವರಿಸದೆ ಓದುತ್ತಿದ್ದಳು. ತಮ್ಮ ಆಗ ಲೋಟದ ತಳ ನೋಡುತ್ತಿದ್ದ. ಅಕ್ಕ ಒಂದೊಂದನ್ನೂ ಹೊಟ್ಟೆಗೆ ಹಾಕಿಕೊಂಡು ಮುಂದಿನ ಕಾರ್ಡು ಎತ್ತಿಕೊಳ್ಳುತ್ತಿದ್ದಳು.

ಯಾಕೆಂದರೆ ಆ ಹೆಂಡತಿ ಅವಳೇ. ಮೂವತ್ತನಾಲ್ಕು ವರ್ಷದ ಕೆಳಗೆ ಅವಳ ಗಂಡ ಮೆಟ್ಟಿಲಿನಿಂದ ಉರುಳಿ ಸತ್ತಿದ್ದ. ಕುಡುಕ. ಬೆಳಿಗ್ಗೆ ಹೊಡೆದು ಹೋಗುತ್ತಿದ್ದ, ಮಧ್ಯಾಹ್ನ ಬಂದು ಹೊಡೆಯುತ್ತಿದ್ದ. ಪೊಲೀಸರು ಕಾಲು ಜಾರಿತೆಂದು ಬರೆದುಕೊಂಡು ಹೋದರು, ಊರು ಬರೆದುಕೊಂಡದ್ದು ಬೇರೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು. ಅತ್ತೆ ಬೀದಿಯಲ್ಲಿ ನಿಂತು ಮಣ್ಣು ತೂರಿದಳು. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಅಕ್ಕ ತಾಯಿಯಿಲ್ಲದ ತಮ್ಮನನ್ನು ಕಟ್ಟಿಕೊಂಡು ಈ ಊರಿಗೆ ಬಂದಳು. ಅವನಿಗಾಗ ಆರು ವರ್ಷ.

ಅವನು ಅದನ್ನೇ ಕಾದಂಬರಿ ಮಾಡಿದ್ದ. ಹಸ್ತಪ್ರತಿಯನ್ನು ಯಾವಾಗಲೂ ಮೊದಲು ಅಕ್ಕನಿಗೇ ಕೊಡುತ್ತಿದ್ದವನು ಈ ಸಲ ಕೊಟ್ಟಿರಲಿಲ್ಲ. ಪುಸ್ತಕವೇ ಬಂದಾಗ ಅಕ್ಕ ಯಂತ್ರ ನಿಲ್ಲಿಸಿ ಎರಡು ದಿನ ಕೂತು ಓದಿದಳು. ನನ್ನ ಗುಬ್ಬಿಯೂ ನನ್ನನ್ನೇ ಕೊಲೆಗಾತಿ ಅಂದುಕೊಂಡಿದ್ದಾನೆ ಎಂದು ಅವಳಿಗೆ ತಿಳಿಯಿತು. ಆದರೂ ಪುಸ್ತಕ ಮುಚ್ಚಿದ ಮೇಲೆ ಅವಳು ಉಸಿರು ಬಿಟ್ಟಳು. ಹಾಗೆ ಅಂದುಕೊಂಡರೆ ಅಂದುಕೊಳ್ಳಲಿ, ಅದಕ್ಕಿಂತ ಕೆಟ್ಟದ್ದು ಅವನಿಗೆ ತಿಳಿಯಲಿಲ್ಲವಲ್ಲ ಎಂದುಕೊಂಡಳು.

ಒಂದು ಬುಧವಾರ ಬಡಗಿಯ ಕಾರ್ಡು ಬಂತು. ಅಕ್ಷರ ದೊಡ್ಡದು, ಪೆನ್ಸಿಲಿನಲ್ಲಿ ಬರೆದದ್ದು.

'ಸ್ವಾಮಿ, ನಲವತ್ತು ವರ್ಷದಿಂದ ಬಾಗಿಲು ಕೂರಿಸುತ್ತಿದ್ದೇನೆ. ನಿಮ್ಮ ಪುಸ್ತಕ ಚೆನ್ನಾಗಿದೆ, ಬಾಗಿಲು ಚೆನ್ನಾಗಿಲ್ಲ. ಮೆಟ್ಟಿಲ ತುದಿಯ ಬಾಗಿಲನ್ನು ಕುಡಿದ ಗಂಡ ಭುಜದಿಂದ ಗುದ್ದುತ್ತಾನೆ, ಒಳಗಿಂದ ಕೆಳಗಿನ ಚಿಲಕ ಬಿದ್ದಿದೆ, ಬಾಗಿಲು ತೆರೆಯದೆ ಆಯ ತಪ್ಪಿ ಉರುಳುತ್ತಾನೆ ಎಂದು ಬರೆದಿದ್ದೀರಿ. ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಹೆಂಡತಿ ಏಣಿ ಇಳಿದು ಬಂದು ಚಿಲಕ ಹಾಕಿ ಮತ್ತೆ ಮೇಲೆ ಹೋದಳು ಎಂದು ನಿಮ್ಮ ಪತ್ತೇದಾರ ಹೇಳುತ್ತಾನೆ. ಕೆಳಗಿನದು ಯಾಕೆ ಹಾಕುತ್ತಾಳೆ? ತಲೆಯೆತ್ತರಕ್ಕೆ ಮೇಲಿನ ಚಿಲಕ ಇದೆ. ದೊಡ್ಡವರು ಅವಸರದಲ್ಲಿ ಬಗ್ಗುವುದಿಲ್ಲ. ಮೇಲಿನದು ಎಟುಕದವರು ಕೆಳಗಿನದು ಹಾಕುತ್ತಾರೆ. ಮನೆಯಲ್ಲಿ ಜ್ವರ ಬಂದ ಮಗು ಇದೆ ಎಂದು ಮೂವತ್ತೇಳನೇ ಪುಟದಲ್ಲಿ ಬರೆದು ಆಮೇಲೆ ಅದನ್ನು ಮರೆತಿದ್ದೀರಿ. ಚಿಲಕ ಹಾಕಿದ್ದು ಮಗು ಎಂದು ನನ್ನ ಅಭಿಪ್ರಾಯ.'

ಅಕ್ಕ ಕಾರ್ಡನ್ನು ಎರಡು ಸಲ ಓದಿದಳು. ಈ ಜಗತ್ತಿನಲ್ಲಿ ಇಷ್ಟು ಓದುಗರಿದ್ದರು, ಒಬ್ಬ ಬಡಗಿ ಓದದಿದ್ದರೆ ಏನು ಗಂಟು ಹೋಗುತ್ತಿತ್ತು?

ಬಡಗಿ ಹೇಳಿದ್ದು ನಿಜ. ಆ ಮಧ್ಯಾಹ್ನ ಅಕ್ಕ ಏಣಿ ಇಳಿದು ಬಂದಾಗ ಗುಬ್ಬಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಮೈ ಕಾದ ಹಂಚು. ಎರಡೂ ಕೈಯಲ್ಲಿ ಕೆಳಗಿನ ಚಿಲಕವನ್ನು ಒತ್ತಿ ಹಿಡಿದಿದ್ದ. "ಭಾವನ್ನ ಒಳಗೆ ಬಿಡಲ್ಲ ಅಕ್ಕ. ನಿಂಗೆ ಹೊಡೀತಾರೆ. ಬಿಡಲ್ಲ" ಎಂದು ಹಲ್ಲು ಕಟಕಟಿಸುತ್ತಾ ಹೇಳುತ್ತಿದ್ದ. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವನನ್ನು ಹಾಸಿಗೆಗೆ ಹಾಕಿ, ಆಮೇಲೆ ಅವಳು ಬಾಗಿಲು ತೆರೆದು ಕೆಳಗೆ ನೋಡಿದ್ದಳು. ಬಾಗಿಲು ತೆರೆದೇ ಇತ್ತು ಎಂದು ಪೊಲೀಸರಿಗೆ ಹೇಳಿದಳು. ಹತ್ತು ದಿನ ಜ್ವರದಲ್ಲಿ ಬಿದ್ದು ಎದ್ದ ಹುಡುಗನಿಗೆ ಏನೂ ನೆನಪಿರಲಿಲ್ಲ. ತಲೆ ಮರೆತರೂ ಕೈ ಮರೆಯಲಿಲ್ಲವೇನೋ, ಬರೆಯುವಾಗ ಚಿಲಕವನ್ನು ಕೆಳಕ್ಕೇ ಇಟ್ಟಿತು.

ಅಕ್ಕ ಆ ಕಾರ್ಡನ್ನು ಗುಂಡಿಗಳ ಡಬ್ಬಿಯ ಕೆಳಗೆ ಬಚ್ಚಿಟ್ಟಳು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಅವಳ ಗತಿ. ಲೇಖಕರ ಪರವಾಗಿ ಎಂದು ತಾನೇ ಒಂದು ಉತ್ತರ ಬರೆದಳು. 'ಅದು ಅಚ್ಚಿನ ತಪ್ಪು. ಮೇಲಿನ ಚಿಲಕ ಎಂದು ಓದಿಕೊಳ್ಳಬೇಕು.' ಕರಡು ತಿದ್ದುವವನ ಅಕ್ಕನಿಗೆ ಇನ್ನೇನು ಹೊಳೆಯಬೇಕು!

ನಾಲ್ಕೇ ದಿನಕ್ಕೆ ಮರುಟಪಾಲು. 'ಅಚ್ಚಿನ ತಪ್ಪು ಒಂದು ಅಕ್ಷರಕ್ಕೆ ಆಗುತ್ತದೆ, ಒಂದು ಮಗುವಿಗೆ ಆಗುವುದಿಲ್ಲ. ಭಾನುವಾರ ಗ್ರಂಥಾಲಯದಲ್ಲಿ ನಿಮ್ಮ ಪುಸ್ತಕದ ಚರ್ಚೆ ಇದೆಯಂತೆ. ಬಂದು ಎದುರಿಗೇ ಕೇಳುತ್ತೇನೆ.'

ಅಕ್ಕ ಅಂಥ ಸಭೆಗಳಿಗೆ ಹೋದವಳೇ ಅಲ್ಲ. ಭಾನುವಾರ ಬೆಳಿಗ್ಗೆ ಅವಳು ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಾಗ ತಮ್ಮ ಕಣ್ಣರಳಿಸಿದ.

"ಇದೇನಕ್ಕ, ಸೂರ್ಯ ಇವತ್ತು ಎಲ್ಲಿ ಹುಟ್ಟಿದ?"

"ಯಾಕೆ, ನಾನೂ ಓದೋಳಲ್ವಾ? ನಂದೂ ಒಂದು ಅಭಿಪ್ರಾಯ ಇರಲ್ವಾ? ನಡಿ."

ಗ್ರಂಥಾಲಯದ ಓದುವ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಕೊನೇ ಪುಟ ಮೊದಲು ಓದುವ ಮೇಷ್ಟ್ರು ಮುಂದಿನ ಸಾಲಿನಲ್ಲೇ ಇದ್ದರು. ಒಬ್ಬ ನರ್ಸು ಎದ್ದು, ಹೆಂಡತಿಯ ಮೇಲೆ ತನಗೆ ಒಂದಿಷ್ಟು ಕನಿಕರ ಬಂತೆಂದಳು. ಕೂಡಲೇ ನಾಲ್ಕು ಜನ ಅವಳ ಮೇಲೆ ಬಿದ್ದರು. ಕೊಲೆ ಕೊಲೆಯೇ, ಹೊಡೆಸಿಕೊಂಡರೇನಂತೆ, ಬಿಟ್ಟು ಹೋಗಬಹುದಿತ್ತಲ್ಲ ಎಂದರು. ಅಕ್ಕ ಕೈಚೀಲವನ್ನು ಎದೆಗೆ ಅವುಚಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಬಿಟ್ಟು ಎಲ್ಲಿಗೆ ಹೋಗುವುದು ತಾಯಿ, ಕಂಕುಳಲ್ಲಿ ಒಂದು ಮಗು ಇತ್ತಲ್ಲ ಎಂದು ಅವಳ ನಾಲಿಗೆಯ ತುದಿಗೆ ಬಂದಿತ್ತು.

ಆಮೇಲೆ ಬಡಗಿ ಎದ್ದ. ಮುದುಕ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಜಗಳಗಂಟನಂತೂ ಅಲ್ಲ, ಕೆಲಸ ಸರಿಯಿಲ್ಲದಿದ್ದರೆ ನಿದ್ದೆ ಬಾರದ ಜಾತಿ. ಕಾರ್ಡಿನಲ್ಲಿ ಬರೆದದ್ದನ್ನೆಲ್ಲ ನಿಧಾನವಾಗಿ ಹೇಳಿದ. ಕೋಣೆಯ ಬಾಗಿಲ ಹತ್ತಿರ ಹೋಗಿ, ನಿಂತು ತೋರಿಸಿದ, ಬಗ್ಗಿ ತೋರಿಸಿದ.

"ಎಳೇ ಕೈ ಸ್ವಾಮಿ ಇದು. ನೀವು ಯಾಕೆ ಕೆಳಗಿಂದೇ ಬರೆದ್ರಿ?"

ತಮ್ಮ ನಗುತ್ತಾ ಬಾಯಿ ತೆರೆದವನು ಹಾಗೆಯೇ ನಿಂತ. "ಯಾಕೆ ಅಂದ್ರೆ..." ಎಂದ. ನಗು ಇಳಿಯಿತು. "ಗೊತ್ತಿಲ್ಲ. ಬರೀವಾಗ... ಕೆಳಗೇ ಇತ್ತು ಅನ್ನಿಸ್ತು." ಅವನ ಬಲಗೈ ಮೇಜಿನ ಮೇಲೆ ತಾನಾಗಿ ಮುಷ್ಟಿ ಕಟ್ಟಿ ಏನನ್ನೋ ಒತ್ತುತ್ತಿತ್ತು. ಅಕ್ಕನಿಗೆ ಅದು ಕಂಡಿತು. ಇನ್ನೊಂದು ಗಳಿಗೆ ಬಿಟ್ಟರೆ ಅವನಿಗೆ ಎಲ್ಲ ನೆನಪಾಗಿಬಿಡುತ್ತಿತ್ತು.

"ನಾನು ಹೇಳ್ತೀನಿ," ಎಂದು ಅಕ್ಕ ಎದ್ದು ನಿಂತಳು. ಮೂವತ್ತು ತಲೆಗಳೂ ಹಿಂದಕ್ಕೆ ತಿರುಗಿದವು. "ಮೇಲಿನ ಚಿಲಕ ಹಾಕಿದ್ರೆ ಕಿರ್ ಅಂತ ಸದ್ದಾಗುತ್ತೆ. ಮಗು ನಿದ್ದೆ ಮಾಡ್ತಿತ್ತು. ಎದ್ರೆ ನೋಡಿಬಿಡುತ್ತೆ ಅಂತ ಅವಳು ಬಗ್ಗಿ ಕೆಳಗಿಂದು ಹಾಕಿದ್ಲು. ಬೇಕು ಅಂತಲೇ ಹಾಕಿದ್ಲು. ಮಗು ಏಳಲೇ ಇಲ್ಲ."

ಬಡಗಿ ತಲೆ ಕೆರೆದುಕೊಂಡ. "ಅದು ಸರಿ ತಾಯಿ. ಹಳೇ ಮನೆ ಚಿಲಕ ಸದ್ದು ಮಾಡುತ್ತೆ. ಹಾಗಾದ್ರೆ ಅವಳೇ," ಎಂದು ಕೂತ. ಎಷ್ಟು ಸೂಕ್ಷ್ಮವಾಗಿ ಓದಿದ್ದಾರೆ ನೋಡಿ ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ತಮ್ಮನೊಬ್ಬ ತಟ್ಟಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವನು ಅರ್ಧ ದೂರ ನಡೆದು, ಬಾಗಿಲು ಹಾಕಿದ್ದ ಬಟ್ಟೆ ಅಂಗಡಿಯ ಮುಂದೆ ನಿಂತುಬಿಟ್ಟ.

"ಚಿಲಕ ಸದ್ದು ಮಾಡುತ್ತೆ ಅಂತ ನಾನು ಪುಸ್ತಕದಲ್ಲಿ ಬರೆದಿಲ್ಲ ಅಕ್ಕ."

"ಬರೆದಿಲ್ಲ."

"ನಿಂಗೆ ಹೇಗೆ ಗೊತ್ತು?"

ಇಲ್ಲ ಗುಬ್ಬಿ, ನಾನಲ್ಲ ಎಂದರೆ ಸಾಕಿತ್ತು. ಆ ಒಂದು ಮಾತಿಗೆ ಮೂವತ್ತನಾಲ್ಕು ವರ್ಷದಿಂದ ಅವಳ ಜೀವ ಹಾತೊರೆದಿತ್ತು. ಆದರೆ ಅವಳಲ್ಲ ಎಂದಮೇಲೆ ಇನ್ಯಾರು? ಮನೆಯಲ್ಲಿದ್ದವರು ಇಬ್ಬರೇ.

"ನೀನೇನಾ?" ಎಂದ.

"ಹೂಂ ಕಣೋ. ನಾನೇ."

ಅವನ ಮುಖ ಪೂರ್ತಿ ಬಿಳಿಚಿಕೊಂಡಿತು. ಇದೇ ಮಾತನ್ನು ಇನ್ನೂರು ಪುಟ ಬರೆದವನು ಅವನೇ, ಆದರೆ ಬರೆಯುವುದೇ ಬೇರೆ, ಕೇಳಿಸಿಕೊಳ್ಳುವುದೇ ಬೇರೆ.

"ನೀನು ನನ್ನ ಹತ್ರ ಜಗಳ ಆಡ್ತೀಯ ಅಂದುಕೊಂಡಿದ್ದೆ," ಎಂದ. "ಪುಸ್ತಕ ಮುಖಕ್ಕೆ ಬಿಸಾಕಿ, ಏನೋ ಗುಬ್ಬಿ, ನೀನೂ ಊರಿನವರ ಜೊತೆ ಸೇರಿಬಿಟ್ಯಾ, ನಾನು ಹಾಗೆ ಮಾಡ್ತೀನೇನೋ ಅಂತ ಬಯ್ತೀಯ ಅಂತ. ಬಾಯಿ ಬಿಟ್ಟು ಕೇಳೋ ಧೈರ್ಯ ಇರಲಿಲ್ಲ ನಂಗೆ. ಅದಕ್ಕೇ ಬರೆದೆ. ದಿನಾ ಕಾದೆ ಅಕ್ಕ. ನೀನು ಕಾರ್ಡು ಓದಿಕೊಂಡು ಕೂತೆ."

ಅಯ್ಯೋ ದೇವರೇ ಎಂದು ಅಕ್ಕ ಒಳಗೊಳಗೇ ಕೂಗಿಕೊಂಡಳು. ಬಯ್ದಿದ್ದರೆ ಸಾಕಾಗಿತ್ತಂತೆ! ಈಗ ಮಾತು ಬಾಯಿಂದ ಹೊರಬಿದ್ದಾಗಿತ್ತು, ಹಿಂದಕ್ಕೆ ತೆಗೆದುಕೊಂಡರೆ ಅದು ನೇರವಾಗಿ ಅವನ ತಲೆಯ ಮೇಲೆಯೇ ಬೀಳುತ್ತಿತ್ತು.

ಮನೆಯಲ್ಲಿ ಅವಳು ಊಟಕ್ಕೆ ಬಡಿಸಿದಳು. ಅವನು ತಟ್ಟೆಯ ಮುಂದೆ ಕೂತ, ಕೈ ಹಾಕಲಿಲ್ಲ. ಅನ್ನ ಆರಿತು. ಅಚ್ಚುಕೂಟದ ಮಹಡಿಯಲ್ಲಿ ಒಂದು ಕೋಣೆ ಖಾಲಿಯಿದೆ, ಸ್ವಲ್ಪ ದಿನ ಅಲ್ಲಿರುತ್ತೇನೆ ಎಂದ. ಇರು ಎಂದಳು ಅಕ್ಕ. ಅವನ ಅಂಗಿಗಳನ್ನು ಅವಳೇ ಮಡಿಸಿ ಚೀಲಕ್ಕೆ ತುಂಬಿದಳು. ಎಲ್ಲವೂ ಅವಳೇ ಹೊಲಿದವು. ಒಂದೂ ಸರಿಯಾಗಿ ಮಡಿಕೆ ಕೂರಲಿಲ್ಲ.

ಚಪ್ಪಲಿ ಮೆಟ್ಟಿ ಹೊರಟವನು ಬಾಗಿಲಲ್ಲಿ ತಿರುಗಿ ನಿಂತ.

"ಅವತ್ತು ನಾನೆಲ್ಲಿದ್ದೆ?"

"ಮಲಗಿದ್ದೆ. ಜ್ವರ ಇತ್ತು ನಿಂಗೆ."

"ನಂಗೆ ಅದ್ರಲ್ಲಿ ಏನೂ ಸಂಬಂಧ ಇಲ್ಲ ತಾನೆ?"

"ಇಲ್ಲಪ್ಪ. ನಿಂಗೇನೂ ಸಂಬಂಧ ಇಲ್ಲ."

"ಸದ್ಯ," ಎಂದ ಅವನು. "ಅಷ್ಟಾದ್ರೂ ಉಳೀತಲ್ಲ."

"ಹೌದು ಗುಬ್ಬಿ," ಎಂದಳು ಅಕ್ಕ. "ಅಷ್ಟು ಉಳೀತು."

ಅವನು ಬೀದಿಯ ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಅವನು ಮುಟ್ಟದೆ ಎದ್ದ ತಟ್ಟೆಯ ಮುಂದೆ ಕೂತು, ಗಟ್ಟಿಯಾಗಿ ಅತ್ತಳು.