ಕಾಲು ತೊಳೆಯುವ ಗುರುವಾರ

“ಉಜ್ಜಿ ಉಜ್ಜಿ ತೊಳ್ಕಂಬಾರ್ಲಾ, ಹಂದಿನನ್ಮಗನೆ. ಧಣೇರು ತುಟಿ ಇಕ್ಕೋ ಕಾಲು ಅದು. ಹೋದ್ಸಲ ಯಾವನೋ ಸಗಣಿ ಮೆತ್ಕಂಡ್ ಬಂದಿದ್ದ.”

ಪಾರುಪತ್ಯಗಾರ ಸವೇರಿಯೊ ಇಷ್ಟು ಹೇಳಿ ಕುದುರೆ ತಿರುಗಿಸಿದ. ಕಾನ್ಯೊ ಗುದ್ದಲಿ ಬಿಡದೆ ತಲೆಯಾಡಿಸಿದ. ಏಸು ಸತ್ತು ಮರಳಿ ಎದ್ದ ಪಾಸ್ಕ ಹಬ್ಬದ ಮುಂಚಿನ ಗುರುವಾರ ಹನ್ನೆರಡು ಮಂದಿ ಬಡವರನ್ನು ಏಸುವಿನ ಶಿಷ್ಯರೆಂದು ಇಗರ್ಜಿಯಲ್ಲಿ ಕೂರಿಸಿ, ಧಣಿ ದೊನ್ ಅಕಿಲ್ಲೆ ತಾನೇ ಆ ಬಡವರ ಕಾಲು ತೊಳೆದು ಮುತ್ತಿಡುವುದು ಧಣಿಯ ಮುತ್ತಜ್ಜನಿಂದ ಬಂದ ರೂಢಿ. ಕಾಲು ಒಡ್ಡಿದವರಿಗೆ ಒಂದೊಂದು ದುಂಡು ರೊಟ್ಟಿ. ಕಾನ್ಯೊನ ಅಜ್ಜನೂ ಒಡ್ಡಿದ್ದ, ಅಪ್ಪನೂ ಒಡ್ಡಿದ್ದ. ಇಬ್ಬರೂ ಧಣಿಯ ಹೊಲದಲ್ಲೇ ಬಿದ್ದು ಸತ್ತರು.

ಈ ಸಲ ಕಾನ್ಯೊಗೆ ಹೋಗುವ ಮನಸ್ಸಿರಲಿಲ್ಲ. ಧಣಿಯ ಬೀಳುಬಿದ್ದಿದ್ದ ಗುಡ್ಡವನ್ನು ಊರವರು ಸೇರಿ ಬಿತ್ತಲೆಂದು ಅಗೆದದ್ದಕ್ಕೆ ಪೊಲೀಸರು ಬಂದು, ಅವನ ಹೆಂಡತಿ ಫಿಲೊಮೆನಾಳ ತಮ್ಮ ವಿತೊನನ್ನು ಎಳೆದೊಯ್ದಿದ್ದರು.

“ಹೋಗು,” ಎಂದಳು ಫಿಲೊಮೆನಾ. “ಆವಯ್ಯ ನಮ್ಮಂತೋರ ಮುಂದೆ ಮಂಡಿ ಊರೋದು ವರ್ಸಕ್ಕೊಂದೇ ದಿನ. ಆಗ್ಲೇ ಕೇಳು, ನಮ್ ಹುಡ್ಗುನ್ನ ಬಿಡ್ಸು ಅಂತ.”

“ಬಗ್ಗಿದ್ ಕೂಡ್ಲೆ ಕರುಳು ಕರಗ್ತದಾ?”

“ಕರಗ್ದೆ ಇದ್ರೆ ಊರೆಲ್ಲ ನೋಡ್ಲಿ.”

ಇಗರ್ಜಿ ಕಿಕ್ಕಿರಿದಿತ್ತು. ಧಣಿ ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿ, ಒಬ್ಬೊಬ್ಬರ ಪಾದಕ್ಕೂ ನೀರು ಚಿಮುಕಿಸಿ, ತುಟಿ ತಾಗಿಸಿದಂತೆ ಮಾಡಿ ಮಂಡಿಯಲ್ಲೇ ಮುಂದೆ ಸರಿಯುತ್ತಿದ್ದ. ಕಾನ್ಯೊನ ಮುಂದೆ ಬಂದ.

“ಬುದ್ಧೀ, ವಿತೊನ್ನ ಬಿಡುಸ್ಕೊಡಿ. ಅವ್ನಿನ್ನೂ ಹುಡ್ಗ.”

ಧಣಿ ತಲೆ ಎತ್ತಲಿಲ್ಲ. “ಕಳ್ಳರ ಮಾತು ದೇವರ ಮನೇಲಿ ಎತ್ಬೇಡ. ಕಾಲು ಚಾಚು.”

ಅರ್ಧ ಚಾಚಿದ್ದ ಕಾಲನ್ನು ಕಾನ್ಯೊ ಹಿಂದಕ್ಕೆಳೆದುಕೊಂಡ. ಹರಕು ಜೋಡು ಮೆಟ್ಟಿ ಎದ್ದು ನಿಂತ. ಪಾದ್ರಿ ಮಂತ್ರ ನಿಲ್ಲಿಸಿ ಅವನ ತೋಳು ಹಿಡಿದ. “ಕೂತ್ಕೊಳೊ, ಮುಠ್ಠಾಳ. ಪೂಜೆ ಕೆಡ್ತದೆ.”

“ಏಸುವನ್ನ ಮಾರ್ಕಂಡ ಯೂದ ಯಾವನು ಅಂತ ಗೊತ್ತಾಯ್ತಲ್ಲ,” ಎಂದು ಸವೇರಿಯೊ ಕಂಬದ ಬಳಿಯಿಂದ ನಕ್ಕ.

“ಮಾರಕ್ಕೆ ನನ್ತಾವ ಏನೈತಣ್ಣ,” ಎಂದ ಕಾನ್ಯೊ. “ಎರಡು ಕಾಲು ಅವೆ. ಅವನ್ನೂ ಇವತ್ತು ಕೊಡಕಿಲ್ಲ.”

ರೊಟ್ಟಿಯ ಬುಟ್ಟಿ ದಾಟಿ ಅವನು ಬಾಗಿಲಿಗೆ ನಡೆದ. ಹೆಂಗಸರ ಸಾಲಿನಿಂದ ಫಿಲೊಮೆನಾಳೂ ಎದ್ದು ಬಂದಳು.

ದೊನ್ ಅಕಿಲ್ಲೆ ಇನ್ನೂ ಖಾಲಿ ಜಾಗದ ಮುಂದೆಯೇ ಮಂಡಿಯೂರಿದ್ದ. ಸ್ಥೂಲದೇಹ, ಆಸರೆಯಿಲ್ಲದೆ ಏಳಲಾಗದು. ಪಕ್ಕದಲ್ಲಿ ತನ್ನ ಸರದಿಗೆ ಕಾದಿದ್ದ ಮುದುಕನತ್ತ, ಎಬ್ಬಿಸೆಂದು ಕೈ ನೀಡಿದ. ಮುದುಕ ಆ ಕೈಯನ್ನು ನೋಡಿದ, ಪಾದ್ರಿಯನ್ನು ನೋಡಿದ, ಆಮೇಲೆ ತನ್ನ ಎರಡೂ ಕಾಲುಗಳನ್ನು ಬೆಂಚಿನಡಿ ಎಳೆದುಕೊಂಡ.