ಗಂಟೆಯ ನಾಲಿಗೆಗೆ ತೊಗಲು

ಅರೆ, ಇದೇನಿದು, ಎರಡನೇ ಏಟು ಎಲ್ಲಿ ಹೋಯಿತು — ಮೊದಲನೆಯದು ಖಣ್ಣೆಂದಿತು, ಹಗ್ಗಕ್ಕೆ ಸುತ್ತಿದ ಉಣ್ಣೆಯ ಹಿಡಿ, ಕೆಂಪು ಬಿಳಿ ನೀಲಿ, ಕೈ ಬಿಟ್ಟು ಛಾವಣಿಯ ತೂತಿನತ್ತ ಸರ್ರನೆ ಏರಿತು, ಹಗ್ಗದ ತುದಿ ಹಿಡಿದು ತೋಳೆತ್ತಿ ನಿಂತಿದ್ದ ಲೋರ್ನಾ ಮತ್ತೆ ಎಳೆದಳು, ಮೇಲೆ ಚರ್ಚಿನ ಗೋಪುರದಲ್ಲಿ ಅವಳ ಗಂಟೆ ಮಗುಚಿದ್ದು ಅಂಗೈಗೆ ತಿಳಿಯಿತು, ಆದರೆ ಸದ್ದು — ಸದ್ದೇ ಅಲ್ಲ ಅದು, ದಿಂಬಿನೊಳಗೆ ಯಾರೋ ಕೆಮ್ಮಿದ ಹಾಗೆ ಒಂದು ಮಂಕು ಗುದ್ದು. ಉಳಿದ ಐದೂ ಸರಿಯಾಗಿವೆ, ಎರಡು ಮೂರು ನಾಲ್ಕು ಐದು ಆರು, ಎರಡೂ ಏಟಿಗೆ ಖಣಖಣ. ಅವಳದು ಮಾತ್ರ ಒಂದು ಏಟಿಗೆ ಬಾಯಿ ಬಿಡುತ್ತದೆ, ಮುಂದಿನದಕ್ಕೆ ನುಂಗಿಕೊಳ್ಳುತ್ತದೆ. ಯಾರೋ ತೊಗಲು ಕಟ್ಟಿದ್ದಾರೆ. ಸಾವಿನ ದಿನ ಹಾಗೆ ಕಟ್ಟುವುದುಂಟು, ಗಂಟೆಯ ನಾಲಿಗೆಯ ಒಂದು ಮಗ್ಗುಲಿಗೆ ದಪ್ಪ ತೊಗಲು, ಆದರೆ ಕಟ್ಟಿದರೆ ಆರಕ್ಕೂ ಕಟ್ಟಬೇಕು, ಒಂದಕ್ಕೇ ಯಾರು ಕಟ್ಟುತ್ತಾರೆ, ಮತ್ತೆ ಈ ವಾರ ಊರಲ್ಲಿ ಸತ್ತವರಾದರೂ ಯಾರು. ಹಾಳಾದ ಬಸ್ಸು ತಡವಾಗಿ ಅವಳು ಬರುವಷ್ಟರಲ್ಲಿ ಗಂಟೆಗಳನ್ನೆಲ್ಲ ಬಾಯಿ ಮೇಲಾಗಿ ಏರಿಸಿ ನಿಲ್ಲಿಸಿದ್ದರು, ಅವಳದನ್ನು ಏರಿಸಿದ್ದು ಪಕ್ಕದ ಹಗ್ಗದ ಮೇವಿಸ್, ಆ ಮೇವಿಸ್ ಈಗ ನೆಲ ನೋಡುತ್ತಿದ್ದಾಳೆ, ಹಲ್ಲು ಕೀಳಿಸಿಕೊಂಡ ದಿನವೂ ಬಾಯಿ ಮುಚ್ಚದ ಹೆಂಗಸು. ಅಂದರೆ ಎಲ್ಲರಿಗೂ ಗೊತ್ತು. ಹಗ್ಗ ನೋಡು ಲೋರ್ನಾ, ಹಗ್ಗ, ಮನಸ್ಸು ಎಲ್ಲೋ ಹೋದರೆ ಗಂಟೆ ಮನುಷ್ಯರನ್ನೇ ಎತ್ತಿಕೊಂಡು ಹೋಗುತ್ತದೆ — ಆರನೆಯದು ಬಾರಿಸಿದ ಮೇಲೆ ಒಂದು ಉಸಿರಿನಷ್ಟು ಬಿಟ್ಟು ಅವಳು ಎಳೆಯಬೇಕು, ಆ ಉಸಿರು ತಪ್ಪಬಾರದೆಂದರೆ ಆರನೇ ಹಗ್ಗ ಹಿಡಿದವನ ಕೈ ನೋಡುತ್ತಲೇ ಇರಬೇಕು, ಹಿಡಿದವನು ನೆವಿಲ್, ಈ ತಂಡದ ಮುಖ್ಯಸ್ಥ, ಅವಳ ಸ್ವಂತ ಅಣ್ಣ. ಮೂರೂವರೆ ವರ್ಷದಿಂದ ಪ್ರತಿ ಮಂಗಳವಾರ ಸಂಜೆ ಅವನ ಕೈ ನೋಡಿದ್ದಾಳೆ, ಮುಖ ನೋಡಿಲ್ಲ.

ಲೋರ್ನಾ, ಅಂದನಲ್ಲ ಈಗತಾನೆ, ಹೆಸರು ಹಿಡಿದು. ಇಷ್ಟು ವರ್ಷ ಬರೀ ಒಂದು, ಒಂದು ಸ್ವಲ್ಪ ಅವಸರ ಮಾಡ್ತಿದೆ, ಒಂದು ಎರಡರ ಹಿಂದೆ ಬರಲಿ, ಹಗ್ಗದ ನಂಬರಿನಿಂದ ಕೂಗಿದರೆ ತಂಗಿಯನ್ನು ಮಾತಾಡಿಸಿದ ಹಾಗಾಗುವುದಿಲ್ಲ ಎಂದು ಅವನ ಲೆಕ್ಕ, ಅವಳಿಗೂ ಅದೇ ಒಳ್ಳೆಯದಾಗಿತ್ತು. ಇವತ್ತು ಕೋಟು ಬಿಚ್ಚುವ ಮೊದಲೇ, ಲೋರ್ನಾ, ಶುಕ್ರವಾರಕ್ಕೆ ಆರು ಜನ ಬೇಕು, ಎಲ್ಲರೂ ಒಪ್ಪಿದರೆ ಮಾತ್ರ ಅಂತ ಪಾದ್ರಿಯಮ್ಮ ಹೇಳಿಬಿಟ್ಟಿದಾರೆ, ಐದು ಜನ ಒಪ್ಪಿದೀವಿ, ಇದೊಂದು ಸುತ್ತು ಬಾರಿಸಿ ನಿಲ್ಲಿಸ್ತೀನಿ, ನಿಲ್ಲಿಸಿದ ಮೇಲೆ ಹೂಂ ಅಂತಾದ್ರೂ ಹೇಳು, ಊಹೂಂ ಅಂತಾದ್ರೂ ಹೇಳು ಮಾರಾಯ್ತಿ. ಶುಕ್ರವಾರ, ಜನವರಿ ಮೂವತ್ತೊಂದು, ದೇಶ ಯುರೋಪಿನ ಒಕ್ಕೂಟ ಬಿಟ್ಟು ಹೊರಬೀಳುವ ದಿನ, ಆ ಗಳಿಗೆಗೆ ಸರಿಯಾಗಿ ಊರ ಗಂಟೆ ಮೊಳಗಬೇಕಂತೆ. ಮೊಳಗಲಿ, ಯಾರು ಬೇಡ ಅಂದವರು, ಅವಳನ್ನು ಬಿಟ್ಟು ಮೊಳಗಲಿ. ಬಿಟ್ಟು ಆಗುವುದಿಲ್ಲವಲ್ಲ, ಅದೇ ತೊಂದರೆ. ನಿನ್ನೆ ಅಂಗಡಿಗೆ ಹಾಲು ತರಲು ಹೋದರೆ ಗಲ್ಲಾದಲ್ಲಿ ಕೂತ ಮಹಾತಾಯಿ ಚಿಲ್ಲರೆ ಕೈಗಿಡದೆ ಹಿಡಿದುಕೊಂಡು, ನಿಮ್ಮಣ್ಣ ಈ ಒಂದು ದಿನಕ್ಕೆ ಎಷ್ಟು ಒದ್ದಾಡಿದಾನೆ ಅಂತ ನಮಗೆ ಗೊತ್ತು, ಸೋತವರು ಒಂಚೂರು ಬಗ್ಗಿದರೆ ಏನು ಕಳ್ಕೋತಾರೆ, ಅಂದಳು. ಏನು ಕಳ್ಕೋತಾರೆ. ಊಹೂಂ ಅಂದರೆ ಅಣ್ಣ ಎನ್ನುವವನು ಇವತ್ತಿಗೆ ಮುಗಿದ, ಅಷ್ಟೇ. ಹೂಂ ಅಂದರೆ — ಸೊಸೆ ರಾಸಾಗೆ ಫೋನಿನಲ್ಲಿ ಏನೆಂದು ಹೇಳುವುದು, ಮೊಮ್ಮಗಳು ಉಗ್ನೆಗೆ ಏನೆಂದು ಹೇಳುವುದು, ನೀವು ಹೋದದ್ದಕ್ಕೆ ಅಜ್ಜಿ ಗಂಟೆ ಬಾರಿಸಿದಳು ಅಂತಲೇ. ಅಜ್ಜೀ, ಕಂಬಳಿಹುಳ ಮನೆಗೆ ಹೋಯ್ತು! ಆ ಬೆಂಚಿನ ಮೇಲೆಯೇ ಕೂರುತ್ತಿದ್ದಳು ಮೊಮ್ಮಗಳು, ಕೆಂಪು ಬೂಟಿನ ಕಾಲು ಆಡಿಸುತ್ತ, ಹಗ್ಗದ ಉಣ್ಣೆಯ ಹಿಡಿಯೇ ಅವಳಿಗೆ ಕಂಬಳಿಹುಳ, ಅದು ಛಾವಣಿಗೆ ಏರಿದಾಗೆಲ್ಲ ಕೈ ಬೀಸಿ ಟಾಟಾ, ಇಳಿದು ಬಂದಾಗೆಲ್ಲ ಬಂತು ಬಂತು. ಈಗ ಬೆಂಚಿನ ಮೇಲೆ ನೆವಿಲ್‌ನ ಕೋಟು ಬಿದ್ದಿದೆ.

ಖಣ್, ಗುದ್ದು, ಖಣ್. ಆ ಭಾನುವಾರದ ಊಟ, ಒಕ್ಕೂಟ ಬಿಡಬೇಕೋ ಬೇಡವೋ ಎಂಬ ಮತ ಎಣಿಸಿ ಮುಗಿದ ವಾರವೇ, ಬಿಡಬೇಕೆಂದವರು ನೂರಕ್ಕೆ ಐವತ್ತೆರಡು, ಬೇಡವೆಂದವರು ನಲವತ್ತೆಂಟು, ಮೇಜಿನ ಮೇಲೆ ಹುರಿದ ಗೋಮಾಂಸ, ಗ್ರೇವಿ ಕೆನೆಗಟ್ಟುತ್ತಿದೆ, ಯಾರೂ ಮುಟ್ಟುತ್ತಿಲ್ಲ, ಹೊರಗೆ ಎದುರಿಗಿರುವ ನೆವಿಲ್‌ನ ಮನೆಯ ಬೇಲಿಯಲ್ಲಿ ಹೊರಬರೋಣ ಎಂದು ಬರೆದ ಪೋಸ್ಟರು ಇನ್ನೂ ಹಾಗೇ ಇದೆ. ಸೊಸೆ ರಾಸಾ ಆಲೂಗಡ್ಡೆ ಬಡಿಸುತ್ತಿದ್ದಳು, ಲಿಥುವೇನಿಯಾದಿಂದ ಹೂಕೋಸು ಕೊಯ್ಯಲು ಬಂದು ಇಲ್ಲೇ ಮನೆ ಮಾಡಿದವಳು, ನೆವಿಲ್ ಅವಳ ಕೈ ಮುಟ್ಟಿ, ನಿನ್ನ ವಿಷಯ ಅಲ್ಲಮ್ಮ ಇದು, ನೀನು ನಮ್ಮವಳು. ರಾಸಾ ಚಮಚ ಕೆಳಗಿಡದೆ, ಹಾಗಾದ್ರೆ ಯಾರ ವಿಷಯ ನೆವಿಲ್, ಇಲ್ಲೇ ದುಡಿಯೋ ನನ್ನ ತಮ್ಮಂದಾ, ಎಂದು ಕೇಳಿದಳು. ಮುಂದಿನ ತಿಂಗಳು ಬಸ್ಸಿನಲ್ಲಿ ರಾಸಾ ಮಗುವಿನ ಜೊತೆ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದಾಗ ಹಿಂದಿನ ಸೀಟಿನಿಂದ ಒಬ್ಬಳು, ಇನ್ನೂ ಹೊರಟಿಲ್ವಾ ನೀವು. ನೆವಿಲ್‌ಗೆ ಗೊತ್ತಾದಾಗ ಕೆಂಡವಾದ, ಯಾರವಳು ಹೇಳು, ಹಲ್ಲು ಉದುರಿಸ್ತೀನಿ — ಉದುರಿಸುತ್ತಿದ್ದ ಕೂಡ, ಅದರಲ್ಲಿ ಅನುಮಾನವಿಲ್ಲ, ಆದರೆ ಬೇಲಿಯ ಪೋಸ್ಟರು ಮಾತ್ರ ಕೀಳಲಿಲ್ಲ. ಎರಡು ವರ್ಷ ತಡೆದು ರಾಸಾ ತನ್ನೂರು ಕೌನಾಸ್‌ಗೆ ಹೋದಳು, ಮಗುವನ್ನು ಕರೆದುಕೊಂಡು, ಲೋರ್ನಾಳ ಮಗನೂ ಹಿಂದೆಯೇ ಹೋದ. ಬಗ್ಗುವುದಂತೆ! ಮೊದಲು ಬಗ್ಗಿದವಳು ಲೋರ್ನಾಳೇ ಅಲ್ಲವೇ, ಅದೇ ಊಟದಲ್ಲಿ, ಬಿಡೋದೇ ಆದ್ರೆ ಬಿಡಿ, ಒಕ್ಕೂಟದ ಹೊರಗಿರೋ ನಾರ್ವೆಯವರ ಹಾಗೆ ವ್ಯಾಪಾರ ಓಡಾಟ ಆದ್ರೂ ಉಳಿಸ್ಕೊಳ್ಳೋಣ, ನಿಮ್ಮ ಐವತ್ತೆರಡಕ್ಕೂ ಆಯ್ತು ನಮ್ಮ ನಲವತ್ತೆಂಟಕ್ಕೂ ಆಯ್ತು. ಗೆದ್ದವರು ಯಾಕೆ ಚೌಕಾಸಿ ಮಾಡಬೇಕು ಅಂದ ನೆವಿಲ್, ಬಾಗಿಲ ಸಂದೀಲಿ ಕಾಲಿಟ್ಕೊಂಡು ನಿಂತ್ರೆ ಒಳಗೂ ಇಲ್ಲ ಹೊರಗೂ ಇಲ್ಲ. ಅಲ್ಲಿಗೆ ಮಾತು ನಿಂತಿತು. ಹೋದ ವರ್ಷ ಪಾರ್ಲಿಮೆಂಟು ಕಗ್ಗಂಟಾಗಿ ಕೂತಾಗ ಮೇವಿಸ್ ಕೈಲಿ ಹೇಳಿ ಕಳಿಸಿದನಲ್ಲ, ಆ ನಾರ್ವೆ ಮಾತು ಅಷ್ಟು ಕೆಟ್ಟದೇನಲ್ಲ ಅನ್ಸತ್ತೆ ಅಂತ ಹೇಳು ಅವಳಿಗೆ. ಆಗ ಅವಳು ಅಡುಗೆಮನೆಯಲ್ಲಿ ಲಂಡನ್ನಿನ ಮೆರವಣಿಗೆಗೆ ಬಟ್ಟೆಯ ಮೇಲೆ ಬಣ್ಣ ಬಳಿಯುತ್ತ ಕೂತಿದ್ದಳು, ಈಗ ಅರ್ಧ ಯಾಕೆ, ಪೂರ್ತಿ ಇನ್ನೊಂದ್ಸಲ ಮತ ಹಾಕೋಣ ಅಂತ ಹೇಳು ನಿಮ್ಮ ನೆವಿಲ್‌ಗೆ, ಬ್ರಷ್ ಕೂಡ ಕೆಳಗಿಡಲಿಲ್ಲ. ಒಬ್ಬರು ಬಗ್ಗಿದಾಗ ಇನ್ನೊಬ್ಬರು ಸೆಟೆದು ನಿಂತರು, ಇವರು ಬಗ್ಗುವ ಹೊತ್ತಿಗೆ ಅವರು. ಹದಿನೈದು ದಿನದ ಹಿಂದೆ ಪಾದ್ರಿಯಮ್ಮ ಫಿಲಿಪಾ, ಪಾಪದ ಹೆಂಗಸು, ಕೈ ಕೈ ಹಿಸುಕಿಕೊಂಡು, ಆರಕ್ಕೂ ಒಂದು ಮಗ್ಗುಲಿಗೆ ತೊಗಲು ಕಟ್ಟಿದರೆ ಹೇಗೆ, ಒಂದು ಏಟು ಸಂತೋಷಕ್ಕೆ ಒಂದು ದುಃಖಕ್ಕೆ, ಅಂದರು. ಮದುವೆ ಮನೇಲಿ ಹೆಣಕ್ಕೆ ಅಳೋ ಹಾಗಿರತ್ತೆ, ನಾನಿರೋವರೆಗೆ ಆಗಲ್ಲ, ನೆವಿಲ್ ಎದ್ದುಹೋದ. ನನ್ನ ಮೊಮ್ಮಗಳಿಗೆ ಅರ್ಧ ಏಟಾ, ಎಂದು ಅವಳೂ ಎದ್ದುಬಂದಳು. ಮೂರೂವರೆ ವರ್ಷದಲ್ಲಿ ಅಣ್ಣ ತಂಗಿ ಒಪ್ಪಿದ್ದು ಅದೊಂದನ್ನೇ, ನಗಬೇಕೋ ಅಳಬೇಕೋ.

ಹಾಗಾದರೆ ಇದನ್ನು ಕಟ್ಟಿದ್ದು ಯಾರು. ಫಿಲಿಪಾ ಅಲ್ಲ, ಅವರಿಗೆ ಏಣಿ ಕಂಡರೇ ತಲೆ ಸುತ್ತುತ್ತದೆ. ಮೇವಿಸ್ — ಆ ದೇಹ ಏಣಿಯ ತುದಿಯ ಕಿಂಡಿಯಲ್ಲಿ ತೂರುವುದುಂಟೇ. ಕೈ ನೋಡು ಲೋರ್ನಾ, ಕೈ, ಆರನೆಯದು ಬಂತು, ಉಸಿರು, ಎಳೆ — ಅವನ ಸ್ವೆಟರಿನ ಭುಜದ ಮೇಲೆ ಬೆಳ್ಳಗೆ ಅದೇನು. ಪಾರಿವಾಳದ ಹಿಕ್ಕೆ. ಕೆಳಗೆ ನಿಂತವರಿಗೆ ಪಾರಿವಾಳದ ಹಿಕ್ಕೆ ತಾಗುವುದಿಲ್ಲ, ಮೇಲೆ ಗಂಟೆಗಳ ನಡುವೆ ತೆವಳಿ ಬಂದವರಿಗೇ ತಾಗುವುದು. ನೆವಿಲ್. ಮಂಡಿಯ ಆಪರೇಷನ್ ಆದ ಮೇಲೆ ಬಲ್ಬು ಬದಲಾಯಿಸಲು ಕುರ್ಚಿ ಕೂಡ ಹತ್ತದವನು ಆ ನೆಟ್ಟಗಿನ ಏಣಿ ಹತ್ತಿ, ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು, ಅವಳ ಗಂಟೆಯ ಕೆಳಗೆ ಅಂಗಾತ ಮಲಗಿ — ಅಬ್ಬಬ್ಬಾ, ಏನು ಔದಾರ್ಯ! ಐದು ಗಂಟೆ ಅವರ ಹಬ್ಬಕ್ಕೆ, ಒಂದು ಗಂಟೆಯ ಒಂದು ಏಟು ಅವಳ ಸೂತಕಕ್ಕೆ, ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ರಾಜಿಯಂತೆ! ಅಳು, ಬೇಡ ಅನ್ನಲ್ಲ, ಮೂಲೆಯಲ್ಲಿ ಕೂತು ನಿನ್ನ ಪಾಡಿಗೆ ಅಳು, ನಮ್ಮ ತಾಳ ಕೆಡಿಸಬೇಡ. ಸಿಟ್ಟಿಗೆ ಅವಳು ಜಾಸ್ತಿ ಎಳೆದಳು, ಹಗ್ಗ ಅಂಗೈಯಲ್ಲಿ ಉರಿಯಿತು, ಅದೇ ಉರಿ, ಹನ್ನೆರಡು ವರ್ಷದವಳಿದ್ದಾಗಿನದು, ಏನೇ ಆದ್ರೂ ಹಗ್ಗಾನ ಗಟ್ಟಿ ಹಿಡ್ಕೋಬೇಡ ಕಣೇ, ಬಿಟ್ಟುಬಿಡು, ಅಂತ ಹೇಳಿಕೊಟ್ಟಿದ್ದ ಅಣ್ಣ, ಅವಳು ಹೆದರಿ ಇನ್ನೂ ಗಟ್ಟಿ ಹಿಡಿದು ಮೇಲೆ ಹೋಗಿಬಿಟ್ಟಳು, ಅವನು ಹಾರಿ ಕಾಲು ಹಿಡಿದು ಎಳೆದ, ಇಬ್ಬರೂ ಧೊಪ್ಪನೆ ನೆಲಕ್ಕೆ, ಸುಟ್ಟ ಅಂಗೈಗೆ ಉಫ್ ಉಫ್ ಅಂತ ಊದುತ್ತ ಅಮ್ಮಂಗೆ ಹೇಳ್ಬೇಡ ಕಣೇ ಅಂತ ಅವನೇ ಅತ್ತಿದ್ದ. ಎಷ್ಟು ಹೊತ್ತಾಯಿತು ಈ ಸುತ್ತು. ಯಾವಾಗಲೋ ನಿಲ್ಲಿಸಬೇಕಿತ್ತು, ಇಷ್ಟು ಹೊತ್ತು ಅವನು ಎಂದೂ ಬಾರಿಸುವವನಲ್ಲ, ಮೇವಿಸ್ ಏದುಸಿರು ಬಿಡುತ್ತಿದ್ದಾಳೆ, ಒಳ್ಳೆ ಕಥೆ, ನಮ್ಮನ್ನ ಸಾಯಿಸ್ತೀಯಾ ಮಹರಾಯ, ಎಂದು ಗೊಣಗಿದಳು, ಅವನು ಕೇಳಿಸಿಕೊಳ್ಳಲಿಲ್ಲ. ಅವಳು ಕೈಯಿಂದ ಕಣ್ಣೆತ್ತಿದಳು, ಮುಖ ನೋಡಿದಳು. ಮುದುಕನಾಗಿದ್ದಾನೆ. ಕಿವಿ ಕೆಂಪಗಾಗಿದೆ, ಗದ್ದದಿಂದ ಬೆವರು ತೊಟ್ಟಿಕ್ಕುತ್ತಿದೆ, ತುಟಿ ಬಿಗಿಹಿಡಿದು ಎಳೆಯುತ್ತಲೇ ಇದ್ದಾನೆ, ನಿಲ್ಲಿಸಿದರೆ ಅವಳ ಉತ್ತರ ಕೇಳಬೇಕಲ್ಲ. ಅಯ್ಯೋ ಹುಚ್ಚಪ್ಪಾ, ಹೆದರಿಕೊಂಡಿದ್ದಾನೆ ಇವನು.

ನಿಲ್ಸಿ, ಅಂದ ಕೊನೆಗೂ. ಒಂದು, ಎರಡು, ಮೂರು, ಗಂಟೆಗಳು ಒಂದೊಂದಾಗಿ ಮೇಲೆ ನಿಂತವು, ಕಿವಿಯಲ್ಲಿ ಮಾತ್ರ ಗುಂಯ್ ಎನ್ನುತ್ತಿದೆ, ಯಾರೂ ಹಗ್ಗ ಬಿಡಲಿಲ್ಲ. ಹೇಳು ಲೋರ್ನಾ. ಊಹೂಂ ಎಂದೇ ಹೇಳಲು ಬಾಯಿ ತೆರೆದಳು, ಬಂದದ್ದು ಬೇರೆ, ನಿಂದಕ್ಕೂ ಕಟ್ಟು. ಏನು? ನನ್ನ ಗಂಟೆಗೆ ಕಟ್ಟಿದೀಯಲ್ಲ, ನಿಂದಕ್ಕೂ ಕಟ್ಟು, ಮೂಲೇಲಿ ನಾನೊಬ್ಬಳೇ ಅಳೋದಿಲ್ಲ, ದೊಡ್ಡ ಗಂಟೇಲೂ ಅದು ಕೇಳಿಸಬೇಕು, ಕೇಳಿಸಿದರೆ ಬರ್ತೀನಿ, ಉಳಿದ ನಾಲ್ಕು ಬೇಕಾದ ಹಾಗೆ ಕುಣೀಲಿ. ಯಪ್ಪಾ, ಅಂದಳು ಮೇವಿಸ್. ನೆವಿಲ್ ಹಗ್ಗ ಬಿಟ್ಟ, ಕುಂಟುತ್ತ ಬೆಂಚಿನವರೆಗೆ ಹೋದ, ಕೋಟಿನ ಜೇಬಿನಿಂದ ಏನನ್ನೋ ತೆಗೆದ — ತೊಗಲು, ಅಂಗೈಯಗಲದ್ದು, ಪಟ್ಟಿಗಳು ನೇತಾಡುತ್ತಿವೆ, ಸಣ್ಣ ಗಂಟೆಯದಲ್ಲ, ಆರನೆಯದರದ್ದು. ಎರಡನ್ನೂ ತಗೊಂಡೇ ಹತ್ತಿದ್ದೆ, ಅಂದ, ನಿಂದಕ್ಕೆ ಕಟ್ಟಿದೆ, ನಂದರ ಹತ್ರ ತುಂಬಾ ಹೊತ್ತು ಕೂತಿದ್ದೆ, ಕೈ ಬರಲಿಲ್ಲ ಕಣೇ. ಅಷ್ಟೇ ಹೇಳಿದ, ಕ್ಷಮಿಸು ಅನ್ನಲಿಲ್ಲ, ಅನ್ನುವವನೂ ಅಲ್ಲ, ಅವಳಿಗೆ ಅಳು ಒತ್ತರಿಸಿ ಬಂತು, ಜೊತೆಗೆ ಕಪಾಳಕ್ಕೆ ಒಂದು ಬಿಗಿಯಬೇಕು ಎಂದೂ ಅನ್ನಿಸಿತು. ಕೊಡಿಲ್ಲಿ, ನಾನೇ ಕಟ್ತೀನಿ. ಅವನು ತೊಗಲನ್ನು ತಿರುಗಿಸಿ ತಿರುಗಿಸಿ ನೋಡಿದ, ಕೊಡುವುದಿಲ್ಲ ಎಂದುಕೊಂಡಳು, ಕೊಟ್ಟ. ಕಟ್ಟು ಮತ್ತೆ, ನಾನು ನೋಡಲ್ಲ. ಆದರೆ ಬಾಯಿ ಮೇಲಾಗಿ ನಿಂತ ಗಂಟೆಗಳ ನಡುವೆ ಯಾರೂ ಹತ್ತುವ ಹಾಗಿಲ್ಲ, ಭುಜ ತಾಗಿದರೆ ಸಾವು, ಮೊದಲು ಆರನ್ನೂ ಒಟ್ಟಿಗೆ ಕೆಳಗಿಳಿಸಬೇಕು, ಇಳಿಸಲು ಮೊದಲ ಎಳೆತ ಒಂದನೇ ಹಗ್ಗದವಳದು. ತೊಗಲು ಅವಳ ಕಾರ್ಡಿಗನ್ ಜೇಬಿನಲ್ಲಿ ಭಾರವಾಗಿ ಕೂತಿದೆ, ಎಲ್ಲರ ಕೈಯೂ ಉಣ್ಣೆಯ ಮೇಲಿದೆ, ನೆವಿಲ್ ಅವಳ ಕೈಯನ್ನೇ ನೋಡುತ್ತಿದ್ದಾನೆ, ಹೊರಡು ಲೋರ್ನಾ, ಅಂದ. ಹೂಂ, ಹೊರಡಬೇಕು, ಈ ಶುಕ್ರವಾರ ಎರಡು ಗಂಟೆಗಳಿಗೆ ತೊಗಲು ಕಟ್ಟಿದರೆ ಕೌನಾಸ್‌ಗೆ ಹೋದವರು ಬರುತ್ತಾರೆಯೇ, ಬರುವುದಿಲ್ಲ, ಎಳೆ, ಸುಮ್ಮನೆ ಎಳೆ, ಎಳೆದರೆ ಇದು ಮೇಲೇರುತ್ತದೆ, ತೂತಿನವರೆಗೆ ಏರುತ್ತದೆ, ಬೆಂಚಿನ ಮೇಲಿಂದ ಯಾರೂ ಕೈ ಬೀಸುವುದಿಲ್ಲ — ಕಂಬಳಿಹುಳ, ಕೆಂಪು ಬಿಳಿ ನೀಲಿ, ಅವಳ ಎರಡು ಕೈಗಳ ನಡುವೆ, ಬೆಚ್ಚಗೆ, ಅಲುಗದೆ, ಕಂಬಳಿಹುಳ.