ಉದ್ದಿನ ಸಿಪ್ಪೆ

ಗುಲಾಬಿ ನೆನೆಸಿದ ಉದ್ದನ್ನು ಉಜ್ಜಿ ಉಜ್ಜಿ ಸಿಪ್ಪೆ ತೇಲಿಸುತ್ತಿದ್ದಳು. ಕಪ್ಪು ಸಿಪ್ಪೆ, ಬಿಳಿ ಬೇಳೆ, ಎರಡೂ ಬೋಗುಣಿಯ ನೀರಿನಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುತ್ತಿದ್ದವು. ಎಜ್‌ವೇರ್ ಎಂಬ ಆ ಪರದೇಶದ ಊರಿನ ಮಧ್ಯಾಹ್ನವೂ ಅವುಗಳ ಜೊತೆ ನಿಧಾನವಾಗಿ ತಿರುಗುತ್ತಿರುವಂತೆ ತೋರಿತು.

ಚಹಾಕ್ಕೆ ಬಂದ ಪಕ್ಕದ ಫ್ಲ್ಯಾಟಿನ ಚೀನೀ ಮುದುಕಿ ಲಿನ್ ಬಗ್ಗಿ ನೋಡಿ ನಕ್ಕಳು. "ನಮ್ಮ ಯಿನ್ ಯಾಂಗ್ ನಿನ್ನ ಸಿಂಕಿನಲ್ಲಿದೆಯಲ್ಲೇ! ಕತ್ತಲು, ಬೆಳಕು ಸುತ್ತಿಕೊಂಡ ಚಕ್ರ."

"ಕಪ್ಪು ಒಂದೂ ಉಳೀಬಾರ್ದು ಮಾರಾಯ್ತಿ, ಆಮೇಲೇ ರುಬ್ಬೋದು."

"ಹಾಗಾದ್ರೆ ನಿನ್ನ ಇಡ್ಲಿ ಬರೋ ವರ್ಷವೇ! ಬಿಳಿಯೊಳಗೆ ಒಂದು ಕಪ್ಪು ಚುಕ್ಕಿ ಇರಲೇಬೇಕು, ಕಪ್ಪಿನೊಳಗೆ ಒಂದು ಬಿಳಿ. ಅದಿದ್ರೇ ಚಕ್ರ ತಿರುಗೋದು."

ಗುಲಾಬಿಯ ಕೈ ನಿಂತಿತು. ತನ್ನ ಗಂಡ ತೀರಿಕೊಂಡಾಗ ಬಾರದ ಅಕ್ಕನಿಗೆ 'ಒಮ್ಮೆ ಬಂದು ಹೋಗು' ಎಂದು ಬರೆದ ಕಾಗದ ವರ್ಷಗಳಿಂದ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಸಿಟ್ಟು ಪೂರ್ತಿ ತೊಳೆದುಹೋಗಲಿ, ಆಮೇಲೆ ಅಂಚೆಗೆ ಹಾಕೋಣ ಎಂದು ಕಾದಿದ್ದಳು. ಅಕ್ಕನಿಗೀಗ ಎಂಬತ್ತು ದಾಟಿತ್ತು. ಮನಸ್ಸನ್ನು ಮುಟ್ಟಿ ನೋಡಿಕೊಂಡಳು. ಅಷ್ಟೂ ಪ್ರೀತಿಯ ನಡುವೆ ಸಿಟ್ಟಿನ ಸಿಪ್ಪೆಯೊಂದು ಅಂಟಿಕೊಂಡೇ ಇತ್ತು.

ಇರಲಿ ಎಂದುಕೊಂಡಳು. ಸಿಪ್ಪೆ ಉಳಿದ ಬೇಳೆಯನ್ನು ಹಾಗೆಯೇ ಗ್ರೈಂಡರಿಗೆ ಸುರಿದು, ಡಬ್ಬಿ ತೆರೆದು, ಲಿನ್‌ಳ ತೋಳು ಹಿಡಿದು ಹೊರಟಳು. ಅರ್ಧ ಬಿಸಿಲು, ಅರ್ಧ ನೆರಳು ಬಿದ್ದ ಬೀದಿಯ ಕೊನೆಯಲ್ಲಿದ್ದ ಕೆಂಪು ಅಂಚೆಪೆಟ್ಟಿಗೆಯೊಳಗೆ ಕಾಗದವನ್ನು ಬಿಟ್ಟಳು.